ಡಬ್ಬಿ ಬಿಚ್ಚಿ ನೋಡೋಣ: ಅಕ್ವೇರಿಯಂ ಪ್ರಶ್ನೋತ್ತರ

ಕಳೆದ ಸಂಚಿಕೆಯಲ್ಲಿ ಮಾತಿನ ನಡುವೆ ಒಂದು ಸಾಲು ಬರೆದಿದ್ದೆ. ಹೊಸ ಕ್ಯಾನಿಸ್ಟರ್ ಫಿಲ್ಟರ್ ಕೊಳ್ಳುವ ಮೊದಲು ಇರೋದನ್ನೇ ಬಿಚ್ಚಿ ತಿದ್ದಿಕೊಳ್ಳಿ ಅಂತ. ಹೇಗೆ ತಿದ್ದೋದು ಅಂತ ಮಾತ್ರ ಬರೆಯಲಿಲ್ಲ. ಅದಕ್ಕೆ ಬೈದು, ಕೇಳಿ, ಫೋಟೊ ಇಟ್ಟು ಬರೆದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ತಗೊಂಡಿದ್ದೇನೆ. ಎಲ್ಲವೂ ನಮ್ಮ ಕಡೆಯವೇ. ಹೆಸರು ಬೇಡ ಅಂದವರೇ ಜಾಸ್ತಿ, ಹಾಗಾಗಿ ಊರು ಮಾತ್ರ ಹಾಕಿದ್ದೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ಕ್ಯಾನಿಸ್ಟರ್ ಅಂದರೆ ಟ್ಯಾಂಕಿನ ಕೆಳಗೆ ಸ್ಟ್ಯಾಂಡಿನೊಳಗೆ ಕೂರುವ, ಗಾಳಿಯಾಡದ ಹಾಗೆ ಮುಚ್ಚಿದ ಡಬ್ಬಿ. ಒಂದು ಪೈಪಿನಲ್ಲಿ ನೀರು ಇಳಿದು ಬರುತ್ತದೆ, ಡಬ್ಬಿಯೊಳಗಿನ ಸ್ಪಂಜು, ಸೆರಾಮಿಕ್ ರಿಂಗು ದಾಟಿ ಹೋಗುತ್ತದೆ, ಮೇಲಿನ ಮೋಟರು ಅದನ್ನು ಇನ್ನೊಂದು ಪೈಪಿನಲ್ಲಿ ವಾಪಸ್ ಕಳಿಸುತ್ತದೆ. ಅಷ್ಟೇ.

ವಿದ್ಯಾನಗರ, ಹುಬ್ಬಳ್ಳಿ: ಸರ್, ನಮ್ಮದು ನಾಲ್ಕು ಅಡಿ ಟ್ಯಾಂಕ್, ಅಗಲ ಎತ್ತರ ಎರಡೂ ಒಂದೂವರೆ ಅಡಿ. ಆರು ಗೋಲ್ಡ್‌ಫಿಶ್ ಇವೆ. ಫಿಲ್ಟರ್ ಬಾಕ್ಸಿನ ಮೇಲೆ ಗಂಟೆಗೆ 1000 ಲೀಟರ್ ಅಂತ ಇದೆ. ತಂದ ಹೊಸದರಲ್ಲಿ ಜೋರಾಗಿತ್ತು, ತಿಂಗಳೊಪ್ಪತ್ತಿನಲ್ಲಿ ನೀರು ಸಣ್ಣಗೆ ಬರ್ತದ. ತಳದಾಗ ಹೊಲಸು ಹಂಗೇ ಕೂತಿರ್ತದ. ಅಂಗಡಿಯವರು 2000 ಲೀಟರಿನದು ತಗೊಳ್ರಿ ಅಂತಾರೆ. ತಗೊಳ್ಳೋದಾ, ಇದನ್ನೇ ಏನಾದರೂ ಮಾಡಬಹುದಾ?

ಸದ್ಯಕ್ಕೆ ತಗೋಬೇಡಿ. ಈಗಿನ ತಪ್ಪು ಹಾಗೇ ಇಟ್ಟುಕೊಂಡು ದೊಡ್ಡ ಮೋಟರ್ ತಂದರೆ ಅದೂ ಸ್ವಲ್ಪ ದಿನಕ್ಕೆ ಹೀಗೇ ಆಗುತ್ತದೆ, ಕರೆಂಟ್ ಬಿಲ್ ಬೇರೆ.

ಮೊದಲು ಅಳೆಯಿರಿ. 10 ಲೀಟರಿನ ಬಕೆಟ್, ಮೊಬೈಲಿನ ಸ್ಟಾಪ್‌ವಾಚ್ ಸಾಕು. ನೀರು ಹೊರಗೆ ಬರುವ ಪೈಪನ್ನು ಬಕೆಟ್ಟಿಗೆ ಹಿಡಿದು ಎಷ್ಟು ಸೆಕೆಂಡಿಗೆ ತುಂಬುತ್ತದೆ ನೋಡಿ. ಆದರೆ ಬಕೆಟ್ ನೆಲದ ಮೇಲೆ ಇಡಬೇಡಿ. ಸ್ಟೂಲಿನ ಮೇಲೆ ಸ್ಟೂಲ್ ಹಾಕಿಯಾದರೂ ಪೈಪಿನ ಬಾಯಿ ಟ್ಯಾಂಕಿನ ನೀರಿನ ಮಟ್ಟಕ್ಕೇ ಇರಬೇಕು. ಕೆಳಗೆ ಹಿಡಿದರೆ ಮೋಟರ್ ಬಂದಾಗಿದ್ದರೂ ನೀರು ತಾನೇ ಸುರಿಯುತ್ತದೆ, ಡ್ರಮ್ಮಿನಿಂದ ಪೈಪ್ ಹಾಕಿ ನೀರು ಎಳೆದ ಹಾಗೆ. ಆ ಲೆಕ್ಕ ನೋಡಿ ಸುಮ್ನೆ ಖುಷಿಪಡಬೇಕಾಗುತ್ತದೆ. 36 ಸೆಕೆಂಡಿಗೆ ತುಂಬಿದರೆ ಗಂಟೆಗೆ 1000 ಲೀಟರ್. ಒಂದು ನಿಮಿಷ ಬೇಕಾದರೆ 600. ಎರಡು ನಿಮಿಷ ಅಂದರೆ 300.

ಬಾಕ್ಸಿನ ಮೇಲಿನ 1000 ಸಾಮಾನ್ಯವಾಗಿ ಒಳಗೆ ಏನೂ ತುಂಬದ ಖಾಲಿ ಡಬ್ಬಿಯ ಲೆಕ್ಕ. ಸ್ಪಂಜು, ರಿಂಗು, ಪೈಪು ಎಲ್ಲ ಸೇರಿದ ಮೇಲೆ 600 ಬಂದರೆ ನಾನು ಮೋಸ ಅನ್ನಲ್ಲ. ನಿಮ್ಮ ಟ್ಯಾಂಕ್ ಲೆಕ್ಕಕ್ಕೆ 255 ಲೀಟರ್. ಕಲ್ಲು, ಮೇಲಿನ ಖಾಲಿ ಜಾಗ ಬಿಟ್ಟರೆ 220 ಹಿಡಿಯಿರಿ. ಗಂಟೆಗೆ ನಾಲ್ಕು ಸುತ್ತು ನೀರು ತಿರುಗಬೇಕು ಅಂತ ಮೀನು ಸಾಕುವವರು ಹೇಳುತ್ತಾರೆ. ಅದು ರೂಢಿಯ ಮಾತು, ಕಾನೂನಲ್ಲ. ಜರ್ಮನಿಯ ಐಹೈಮ್ ಕಂಪನಿಯ ಹಳೇ ಮಾದರಿ ಕ್ಲಾಸಿಕ್ 2213 ಇದೆಯಲ್ಲ, ಅದು ಬರೀ 8 ವ್ಯಾಟಿನದು. ಬಾಕ್ಸಿನ ಲೆಕ್ಕದಲ್ಲೇ ಗಂಟೆಗೆ 440 ಲೀಟರ್. ಆದರೂ 250 ಲೀಟರ್ ಟ್ಯಾಂಕಿನ ತನಕ ಹಾಕಿಕೊಳ್ಳಿ ಅಂತ ಕಂಪನಿಯೇ ಹೇಳುತ್ತದೆ. ಅದರಲ್ಲಿ ಟ್ರೇಗಳಿಲ್ಲ, ಪಕ್ಕದಲ್ಲಿ ಸಂದಿಯೂ ಇಲ್ಲ. ಬಂದ ನೀರೆಲ್ಲ ಮೀಡಿಯಾ, ಅಂದರೆ ಒಳಗೆ ತುಂಬಿದ ಸ್ಪಂಜು, ರಿಂಗು, ದಾಟಿಯೇ ಹೋಗಬೇಕು. ಗಂಟೆಗೆ ಎಷ್ಟು ಲೀಟರ್ ಓಡಿತು ಅನ್ನೋದಕ್ಕಿಂತ ಓಡಿದ್ದರಲ್ಲಿ ಎಷ್ಟು ಮೀಡಿಯಾದೊಳಗೆ ನುಗ್ಗಿ ಬಂತು ಅನ್ನೋದು ಮುಖ್ಯ. ಅಂಗಡಿಯಲ್ಲಿ ಯಾರೂ ಇದನ್ನು ಹೇಳಲ್ಲ.

ಈಗ ನಿಮ್ಮ ಡಬ್ಬಿಗೆ ಬರೋಣ. ನೀವು ಕಳಿಸಿದ ಫೋಟೊದಲ್ಲಿ ಎಲ್ಲಕ್ಕಿಂತ ಕೆಳಗಿನ ಟ್ರೇಯಲ್ಲಿ ಬಿಳಿ ಹತ್ತಿ ಇದೆ, ಅದರ ಮೇಲೆ ರಿಂಗು, ತುದಿಯಲ್ಲಿ ಒರಟು ಸ್ಪಂಜು. ಇದು ತಲೆಕೆಳಗು. ಟ್ರೇ ಇರುವ ಬಹಳಷ್ಟು ಫಿಲ್ಟರುಗಳಲ್ಲಿ ನೀರು ಮೊದಲು ತಳಕ್ಕೆ ಇಳಿದು ಆಮೇಲೆ ಟ್ರೇಗಳ ಮೂಲಕ ಮೇಲೇರುತ್ತದೆ. ಅಂದರೆ ಗೋಲ್ಡ್‌ಫಿಶ್ಶಿನ ಹೊಲಸೆಲ್ಲ ನೇರ ಆ ಹತ್ತಿಗೇ ಬಡಿಯುತ್ತಿದೆ. ಎರಡು ವಾರಕ್ಕೆ ಅದು ಒದ್ದೆ ಕಂಬಳಿ ಆಗಿರುತ್ತದೆ, ನೀರು ದಾಟೋದೆಲ್ಲಿಂದ? ಚಹಾ ಸೋಸುವಾಗ ಜರಡಿ ಬಿಟ್ಟು ಮೊದಲೇ ಬಟ್ಟೆ ಹಿಡಿದರೆ ಹೇಗಿರುತ್ತದೆ, ಹಾಗೆ. ಒರಟು ಸ್ಪಂಜು ಕೆಳಗೆ, ಅದರ ಮೇಲೆ ಸ್ವಲ್ಪ ನಯವಾದ ಸ್ಪಂಜು, ಆಮೇಲೆ ರಿಂಗು, ಕಡೆಗೆ ಹತ್ತಿಯ ತೆಳು ಪದರ. ಹತ್ತಿ ದಪ್ಪ ಹಾಕಬೇಡಿ, ಒಂದು ಬೆರಳು ಸಾಕು, ಎರಡು ವಾರಕ್ಕೊಮ್ಮೆ ಎಸೆದು ಹೊಸದು ಹಾಕಿ. ನಿಮ್ಮ ಮಾಡೆಲ್ಲಿನಲ್ಲಿ ನೀರು ಯಾವ ಕಡೆಯಿಂದ ಏರುತ್ತದೆ ಅಂತ ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಹೊಲಸು ಯಾವ ಟ್ರೇಯಲ್ಲಿ ಜಾಸ್ತಿ ಕೂತಿದೆಯೋ ನೀರು ಮೊದಲು ಬರುವುದು ಅಲ್ಲಿಗೇ.

ಎರಡನೇದು ಸಂದಿ. ನೀರಿನಷ್ಟು ಸೋಮಾರಿ ಯಾರೂ ಇಲ್ಲ. ಸುಲಭದ ದಾರಿ ಸಿಕ್ಕರೆ ಸ್ಪಂಜಿನೊಳಗೆ ಯಾಕೆ ಹೋಗುತ್ತದೆ? ಸ್ಪಂಜನ್ನು ಹೊರಗೆ ತೆಗೆದು ನೋಡಿ. ಅಂಚೆಲ್ಲ ಕಂದು, ನಡುಭಾಗ ಇನ್ನೂ ಹೊಸದರ ಹಾಗೆ ಇದ್ದರೆ ನೀರು ಟ್ರೇಯ ಗೋಡೆ ಹಿಡಿದು ಜಾರಿ ಹೋಗುತ್ತಿದೆ ಅಂತ ಅರ್ಥ. ಸ್ಪಂಜನ್ನು ಟ್ರೇಗಿಂತ ಅರ್ಧ ಸೆಂಟಿಮೀಟರ್ ದೊಡ್ಡದಾಗಿ ಕತ್ತರಿಸಿ, ಸ್ವಲ್ಪ ಒತ್ತಿ ಕೂರಿಸಬೇಕು. ರಿಂಗುಗಳನ್ನು ಬಲೆ ಚೀಲದ ಸಮೇತ ಇಟ್ಟಿದ್ದೀರಲ್ಲ, ಚೀಲ ದುಂಡಗೆ, ಟ್ರೇ ಚೌಕ, ನಾಲ್ಕೂ ಮೂಲೆ ಖಾಲಿ. ಚೀಲ ಬಿಚ್ಚಿ ಟ್ರೇಗೆ ಸುರಿದು ಹರಡಿ.

ಮೂರನೇದನ್ನು ಮೊದಲೇ ಹೇಳಬೇಕಿತ್ತು, ಯಾಕೆಂದರೆ ಒಂದೇ ಒಂದು ಕೆಲಸ ಮಾಡುವಷ್ಟು ಪುರಸೊತ್ತು ಇರುವವರು ಇದನ್ನೇ ಮಾಡಬೇಕು. ಟ್ಯಾಂಕಿನೊಳಗೆ ನೀರು ಎಳೆಯುವ ಪೈಪಿನ ಬಾಯಿಗೆ ಒಂದು ಒರಟು ಸ್ಪಂಜಿನ ಟೋಪಿ ಹಾಕಿ. ನಾಲ್ಕು ಇಂಚು ಉದ್ದದ ಸ್ಪಂಜು ತಂದು ನಡುವೆ ಕತ್ತರಿಯಿಂದ ತೂತು ಕೊರೆದು ತುರುಕಿದರೆ ಮುಗೀತು. ದಪ್ಪ ಹೊಲಸು ಡಬ್ಬಿಗೆ ಇಳಿಯುವುದೇ ಇಲ್ಲ. ವಾರಕ್ಕೊಮ್ಮೆ ನೀರು ಬದಲಿಸುವಾಗ ಅದೇ ಹಳೇ ನೀರಿನ ಬಕೆಟ್ಟಿನಲ್ಲಿ ಹಿಂಡಿದರೆ ಸಾಕು, ಮೇಲಿನ ಹತ್ತಿ ಬದಲಿಸುವುದು ಬಿಟ್ಟರೆ ಡಬ್ಬಿ ಪೂರ್ತಿ ಬಿಚ್ಚಿ ತೊಳೆಯುವ ಕೆಲಸ ಮೂರು ತಿಂಗಳಿಗೆ ಮುಂದೆ ಹೋಗುತ್ತದೆ. ಚೆಂದ ಕಾಣಲ್ಲ ಅಂತ ನಮ್ಮ ಮನೆಯಲ್ಲೂ ತಕರಾರು ಬಂದಿತ್ತು. ಎದುರಿಗೆ ಒಂದು ಗಿಡ ಇಟ್ಟೆ.

ಪೈಪಿನ ಮಾತು. ಸ್ಟ್ಯಾಂಡಿನ ಹಿಂದೆ ಎರಡು ಸುತ್ತು ಪೈಪು ಸುರುಳಿ ಸುತ್ತಿಟ್ಟಿದ್ದರೆ ಕತ್ತರಿಸಿ, ಆದರೆ ಡಬ್ಬಿಯನ್ನು ಹೊರಗೆ ಎಳೆಯುವಷ್ಟು ಉದ್ದ ಉಳಿಸಿಕೊಳ್ಳಿ. ವರ್ಷದಿಂದ ಪೈಪಿನ ಒಳಗೆ ಉಜ್ಜಿಲ್ಲ ಅಂದರೆ ಕಂದು ಲೋಳೆ ಕೂತು ದಾರಿ ಕಿರಿದಾಗಿರುತ್ತದೆ, ಉದ್ದ ತಂತಿಯ ಬ್ರಶ್ ಸಿಗುತ್ತದೆ, ಅದನ್ನು ಹಾಯಿಸಿ. ಇನ್ನು ನೀರು ಟ್ಯಾಂಕಿಗೆ ವಾಪಸ್ ಬೀಳುವ ತುದಿಯ ಸಾಲು ತೂತಿನ ಕೊಳವೆ, ಸ್ಪ್ರೇ ಬಾರ್. ಅದರ ತೂತುಗಳೆಲ್ಲ ಸೇರಿ ಪೈಪಿನ ಬಾಯಿಗಿಂತ ಚಿಕ್ಕದಾಗಿದ್ದರೆ ಅಲ್ಲೇ ಬಿಗಿ ಬೀಳುತ್ತದೆ. ಪೈಪಿನ ಒಳಗಿನ ಅಳತೆ 16 ಎಂಎಂ ಅಂದುಕೊಳ್ಳಿ. ಅದಕ್ಕೆ ಸಮ ಆಗಬೇಕಾದರೆ 4 ಎಂಎಂ ತೂತು 16 ಬೇಕು, 3 ಎಂಎಂ ಆದರೆ 28ಕ್ಕೂ ಜಾಸ್ತಿ. ನಿಮ್ಮದರಲ್ಲಿ ಎಣಿಸಿ ನೋಡಿ, ಕಡಿಮೆ ಇದ್ದರೆ ಡ್ರಿಲ್‌ನಿಂದ ಒಂದು ಸೈಜ್ ದೊಡ್ಡದು ಮಾಡಿ.

ಇಷ್ಟೆಲ್ಲ ಓದಿ ಬರುವ ಭಾನುವಾರವೇ ಎಲ್ಲ ಮುಗಿಸಿಬಿಡಬೇಡಿ. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಆ ಸ್ಪಂಜು, ರಿಂಗಿನ ಮೇಲೇ ಮನೆ ಮಾಡಿಕೊಂಡಿರುತ್ತವೆ. ಇವತ್ತು ಸ್ಪಂಜು ತೊಳೆದರೆ ರಿಂಗು ಎರಡು ವಾರ ಬಿಟ್ಟು. ಮತ್ತೆ ನಳದ ಕೆಳಗೆ ಬೇಡ. ಹಿಂದೆ ಹುಬ್ಬಳ್ಳಿಯಲ್ಲಿ ವಾರಕ್ಕೊಮ್ಮೆ ಮಲಪ್ರಭಾ ನೀರು ಬಿಟ್ಟಾಗ ಸಂಪಿನಲ್ಲಿ ತುಂಬಿಟ್ಟು, ಅದು ಕೂತು ಕೂತು ಕ್ಲೋರಿನ್ ಹಾರಿ ಹೋಗಿರುತ್ತಿತ್ತು, ನಮಗೆ ಗೊತ್ತಿಲ್ಲದೆಯೇ ಮೀನು ಉಳಿಯುತ್ತಿದ್ದವು. ಈಗ ನಳಕ್ಕೆ ಆಗಷ್ಟೇ ಬಂದ ನೀರಿನಲ್ಲಿ ಮೀಡಿಯಾ ತೊಳೆದರೆ ಆ ಬ್ಯಾಕ್ಟೀರಿಯಾ ಸಾಯುತ್ತವೆ. ನಾನು ಒಮ್ಮೆ ಹೊಳೆಯುವ ಹಾಗೆ ತಿಕ್ಕಿ ತೊಳೆದು ಹೆಮ್ಮೆಪಟ್ಟಿದ್ದೆ, ಮೂರನೇ ದಿನ ನಾಲ್ಕು ಏಂಜೆಲ್ ಮೀನು ನೀರಿನ ಮೇಲೆ ಬಾಯಿ ಬಿಡುತ್ತಿದ್ದವು. ಎರಡು ಉಳಿದವು. ಟ್ಯಾಂಕಿನಿಂದ ತೆಗೆದ ಹಳೇ ನೀರಿನಲ್ಲೇ ಅದ್ದಿ ತೆಗೆಯಿರಿ, ಅಷ್ಟು ಸಾಕು.

ಸಪ್ತಾಪುರ, ಧಾರವಾಡ: ಅಣ್ಣಾರ, ನಾನು ರೂಮ್ ಮಾಡಿಕೊಂಡು ಓದೋನು. ಬ್ಯಾಕ್ಟೀರಿಯಾ ಕೂರೋ ರಿಂಗು, ಅದೇ ಬಯೋ ಮೀಡಿಯಾ, ಕೊಳ್ಳೋವಷ್ಟು ರೊಕ್ಕ ಇಲ್ಲ. ಪಾತ್ರೆ ತಿಕ್ಕೋ ಸ್ಕ್ರಬ್ಬರ್ ಹಾಕಬಹುದು ಅಂತ ಗೆಳೆಯ ಹೇಳಿದ. ಇದ್ದಿಲು, ಇಟ್ಟಂಗಿ ಚೂರು? ಇನ್ನೊಂದು, ಡಬ್ಬಿಯನ್ನು ನೆಲದಿಂದ ಎತ್ತರಕ್ಕೆ ಇಟ್ಟರೆ ಮೋಟರಿಗೆ ಭಾರ ಕಡಿಮೆ ಆಗ್ತದ?

ಗೆಳೆಯ ಹೇಳಿದ್ದು ಸರಿ, ಆದರೆ ಪ್ಲಾಸ್ಟಿಕ್ ಜಾಳಿಗೆಯ ದುಂಡನೆಯ ಸ್ಕ್ರಬ್ಬರ್ ಮಾತ್ರ. ಸ್ಟೀಲಿನದು ಬೇಡ, ಹಸಿರು ಉಜ್ಜುವ ಪಟ್ಟಿ ಬೇಡ, ಸೋಪು ಸೇರಿಸಿದ್ದಂತೂ ಬೇಡವೇ ಬೇಡ. ನಿಜ ಹೇಳಬೇಕೆಂದರೆ ಒಳ್ಳೆ ಫಿಲ್ಟರ್ ಸ್ಪಂಜೇ ಬ್ಯಾಕ್ಟೀರಿಯಾಕ್ಕೆ ಸಾಕಷ್ಟು ಜಾಗ ಕೊಡುತ್ತದೆ. ನಿನ್ನದು ಚಿಕ್ಕ ಟ್ಯಾಂಕ್ ಆದರೆ ಎಲ್ಲ ಟ್ರೇಗೂ ಸ್ಪಂಜು ತುಂಬಿದರೂ ನಡೆಯುತ್ತದೆ. ಹಾಸಿಗೆ ಅಂಗಡಿಯ ಫೋಮ್ ಮಾತ್ರ ತರಬೇಡ, ಅದಕ್ಕೆ ಏನೇನು ಸೇರಿಸಿರುತ್ತಾರೋ ನಂಬೋ ಹಾಗಿಲ್ಲ. ಇಟ್ಟಂಗಿ ಚೂರು ಸವೆದು ಕೆಂಪು ಕೆಸರಾಗುತ್ತದೆ, ಅದು ಮೋಟರಿನಲ್ಲಿ ನೀರು ತಳ್ಳುವ ರೆಕ್ಕೆಗೆ, ಅಂದರೆ ಇಂಪೆಲ್ಲರಿಗೆ, ಹೋದರೆ ಮೋಟರ್ ಹಾಳು. ಒಲೆ ಇದ್ದಿಲು ಬೇರೆ, ಅಂಗಡಿಯ ಆಕ್ಟಿವೇಟೆಡ್ ಕಾರ್ಬನ್ ಬೇರೆ. ಆ ಕಾರ್ಬನ್ ಕೂಡ ಔಷಧಿಯ ಬಣ್ಣ, ವಾಸನೆ ತೆಗೆಯೋಕೆ ಸರಿ, ಅಮೋನಿಯಾ ಎಳೆಯಲ್ಲ, ಕೆಲವು ವಾರಕ್ಕೆ ಮುಗಿದೂ ಹೋಗುತ್ತದೆ. ಆ ಜಾಗಕ್ಕೆ ಸ್ಪಂಜು ಹಾಕು.

ಎತ್ತರದ ಮಾತು ಬಹಳ ಜನ ಕೇಳುತ್ತಾರೆ. ಒಂದು ಪೈಪಿನಲ್ಲಿ ಇಳಿಯುವ ನೀರಿನ ಭಾರ ಇನ್ನೊಂದರಲ್ಲಿ ಏರುವ ನೀರನ್ನು ತೂಗಿಸುತ್ತದೆ, ತಕ್ಕಡಿಯ ಎರಡು ತಟ್ಟೆ ಹಾಗೆ. ಹಾಗಾಗಿ ಡಬ್ಬಿ ಎರಡು ಅಡಿ ಕೆಳಗಿದ್ದರೂ ಮೂರು ಅಡಿ ಕೆಳಗಿದ್ದರೂ ಮೋಟರಿಗೆ ಎತ್ತುವ ಭಾರ ಒಂದೇ. ಪೈಪು ಉದ್ದವಾದಷ್ಟೂ ನೀರು ಅದರ ಗೋಡೆಗೆ ಉಜ್ಜುವುದು ಜಾಸ್ತಿಯಾಗುತ್ತದೆ, ಅಷ್ಟು ಮಾತ್ರ ನಷ್ಟ. ಟ್ಯಾಂಕಿನ ಮಟ್ಟಕ್ಕೆ ಎತ್ತಿಟ್ಟರೆ ನೀರು ತಾನೇ ಇಳಿದು ಡಬ್ಬಿ ತುಂಬೋದೇ ಕಷ್ಟ. ಕೆಳಗೇ ಇರಲಿ.

ಬೆಟಗೇರಿ, ಗದಗ: ಸರ್, ನಮ್ಮಲ್ಲಿ ಬೋರಿನ ನೀರು. ಆರು ತಿಂಗಳಿಗೆ ಮೋಟರು ಕಿರ್ ಅನ್ನಲಿಕ್ಕೆ ಶುರು ಮಾಡ್ತು, ನೀರೂ ಕಡಿಮೆ. ಬಿಚ್ಚಿದರೆ ಒಳಗೆ ಬಿಳಿ ಸುಣ್ಣ. ಮುಚ್ಚಳದಿಂದ ಹನಿ ಹನಿ ಸೋರುವುದೂ ಉಂಟು. ಕೊಬ್ಬರಿ ಎಣ್ಣೆ ಹಚ್ಚಿ ನೋಡಿದೆ.

ಕೊಬ್ಬರಿ ಎಣ್ಣೆ ಹಚ್ಚಬೇಡಿ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ನಾನೂ ಅದನ್ನೇ ಹಚ್ಚಿದ್ದೆ. ಕೆಲವು ತಿಂಗಳಲ್ಲಿ ಮುಚ್ಚಳದ ರಬ್ಬರ್ ಬಳೆ, ಅಂದರೆ ಓ ರಿಂಗ್, ಉಬ್ಬಿ ತನ್ನ ತೋಡಿನಲ್ಲಿ ಕೂರದೆ ಎದ್ದು ನಿಂತಿತ್ತು, ನಾನು ಮುಚ್ಚಳ ಒತ್ತಿ ಕ್ಲಿಪ್ ಹಾಕಿ ಮದುವೆಗೆ ಹೋದೆ. ಬಂದು ನೋಡಿದರೆ ಪಡಸಾಲೆಯ ತುಂಬ ನೀರು, ಸೋಫಾದ ಕೆಳಗೆ ಪೇಪರ್ ತೇಲುತ್ತಿದೆ, ಟ್ಯಾಂಕಿನಲ್ಲಿ ಪೈಪಿನ ಬಾಯಿಯ ಮಟ್ಟಕ್ಕೆ ನೀರು ನಿಂತು ಮೀನುಗಳು ಓರೆಯಾಗಿ ಈಜುತ್ತಿವೆ. ಸಿಲಿಕಾನ್ ಗ್ರೀಸ್ ಅಂತ ಕೇಳಿ ತಗೊಳ್ಳಿ. ಕಡಲೆಕಾಳಿನಷ್ಟು ಬೆರಳಿಗೆ ತಗೊಂಡು ರಿಂಗಿನ ಸುತ್ತ ತೆಳ್ಳಗೆ ಸವರಿ. ಅದಕ್ಕೂ ಮೊದಲು ರಿಂಗನ್ನೂ ಅದು ಕೂರುವ ತೋಡನ್ನೂ ಬಟ್ಟೆಯಿಂದ ಒರೆಸಿ. ಒಂದು ಉಸುಕಿನ ಕಣ ಇದ್ದರೂ ಸೋರುತ್ತದೆ. ರಿಂಗು ಹಿಗ್ಗಿದ್ದರೆ ಬದಲಿಸುವುದೇ ದಾರಿ.

ಅದಾದ ಮೇಲೆ ನಾನು ಇನ್ನೊಂದು ಕೆಲಸ ಮಾಡಿದೆ. ನೀರು ಎಳೆಯುವ ಪೈಪಿಗೆ, ಟ್ಯಾಂಕಿನ ನೀರಿನ ಮಟ್ಟದಿಂದ ಎರಡು ಮೂರು ಇಂಚು ಕೆಳಗೆ, ಒಂದು ಚಿಕ್ಕ ತೂತು ಕೊರೆದೆ. ಡಬ್ಬಿ ಸೋರಿದರೂ ನೀರು ಆ ತೂತಿನ ತನಕ ಇಳಿದು, ಗಾಳಿ ನುಗ್ಗಿ, ಎಳೆತ ನಿಲ್ಲುತ್ತದೆ. ಇಡೀ ಟ್ಯಾಂಕ್ ಖಾಲಿಯಾಗಲ್ಲ. ಬೇಸಿಗೆಯಲ್ಲಿ ನೀರು ಆರಿ ಆ ಮಟ್ಟಕ್ಕೆ ಇಳಿಯದ ಹಾಗೆ ಮಾತ್ರ ನೋಡಿಕೊಳ್ಳಬೇಕು.

ಸುಣ್ಣಕ್ಕೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ. ಪ್ಲಗ್ ಕಿತ್ತು, ಮೋಟರಿನ ಕೆಳಗಿನ ಚಿಕ್ಕ ಮುಚ್ಚಳ ತಿರುಗಿಸಿದರೆ ಇಂಪೆಲ್ಲರ್ ಕಾಣುತ್ತದೆ, ಆಯಸ್ಕಾಂತದ ಕೊಳವೆಗೆ ರೆಕ್ಕೆ ಹಚ್ಚಿದ ಹಾಗಿರುತ್ತದೆ. ನೇರಕ್ಕೆ ಎಳೆಯಿರಿ, ವಾಲಿಸಬೇಡಿ. ನಡುವಿನ ಬಿಳಿ ಕಡ್ಡಿ ಬಹಳ ಸಲ ಸೆರಾಮಿಕ್, ಬಳೆಯ ಹಾಗೆ ಟಕ್ ಅಂತ ಮುರಿಯುತ್ತದೆ. ಒಂದು ಲೀಟರ್ ಬೆಚ್ಚಗಿನ ನೀರಿಗೆ ಒಂದೆರಡು ಚಮಚ ನಿಂಬೆ ಉಪ್ಪು ಹಾಕಿ ಅರ್ಧ ಗಂಟೆ ನೆನೆಸಿ. ಗುಳ್ಳೆ ಏಳುತ್ತಿದ್ದರೆ ಸುಣ್ಣ ಕರಗುತ್ತಿದೆ ಅಂತ. ಇಂಪೆಲ್ಲರ್ ಕೂರುವ ಕುಳಿಯನ್ನು ಹಳೇ ಟೂತ್‌ಬ್ರಶ್ಶಿನಿಂದ ಅದೇ ನೀರು ಹಚ್ಚಿ ತಿಕ್ಕಿ, ಚಾಕು ಹಾಕಬೇಡಿ. ಚೆನ್ನಾಗಿ ತೊಳೆದು ಜೋಡಿಸಿ. ಮೋಟರಿನ ಬಿಸಿ ತಾಗುವಲ್ಲೇ ಸುಣ್ಣ ಜಾಸ್ತಿ ಕೂರುತ್ತದೆ, ಹಾಗಾಗಿ ನಿಮ್ಮ ನೀರಿಗೆ ಎರಡು ತಿಂಗಳಿಗೊಮ್ಮೆ ಈ ಕೆಲಸ ತಪ್ಪಿದ್ದಲ್ಲ.

ಹಾವೇರಿ: ಏಂಜೆಲ್ ಮೀನಿಗೆ ನೀರಿನ ರಭಸ ಜಾಸ್ತಿ ಆಗ್ತಿದೆ. ಫ್ಯಾನಿನ ರೆಗ್ಯುಲೇಟರ್ ಹಾಕಿ ಮೋಟರ್ ನಿಧಾನ ಮಾಡಬಹುದಾ? ಕರೆಂಟ್ ಹೋದಾಗ ಎಷ್ಟು ಹೊತ್ತು ಬಿಡಬಹುದು?

ರೆಗ್ಯುಲೇಟರ್ ಬೇಡ. ಈ ಮೋಟರಿನ ವೇಗ ಕರೆಂಟಿನ 50 ಹರ್ಟ್ಸ್ ಲಯಕ್ಕೆ ಕಟ್ಟಿಬಿದ್ದಿದೆ. ವೋಲ್ಟೇಜ್ ಇಳಿಸಿದರೆ ಅದು ನಿಧಾನ ಆಗಲ್ಲ, ನಡುಗಿ, ಬಿಸಿಯಾಗಿ, ನಿಂತೇ ಹೋಗುತ್ತದೆ. ಅಗ್ಗದ ಇನ್ವರ್ಟರಿನ ಮೇಲೆ ಗೊರಗೊರ ಅನ್ನೋದೂ ಇದೇ ಜಾತಿಯ ತೊಂದರೆ, ಸೈನ್ ವೇವ್ ಇನ್ವರ್ಟರ್ ಇದ್ದರೆ ಸುಖ. ನೀರು ಕಡಿಮೆ ಮಾಡಬೇಕಾದರೆ ಹೊರಗೆ ಬರುವ ಕಡೆಯ ವಾಲ್ವ್ ಸ್ವಲ್ಪ ತಿರುಗಿಸಿ. ಎಳೆಯುವ ಕಡೆ ಎಂದೂ ಕಟ್ಟಬೇಡಿ, ಮೋಟರ್ ನೀರಿಗೆ ಹಸಿದು ಗಾಳಿ ಎಳೆಯುತ್ತದೆ. ಅಥವಾ ಸ್ಪ್ರೇ ಬಾರನ್ನು ಹಿಂದಿನ ಗಾಜಿಗೆ ಮುಖ ಮಾಡಿ ಇಡಿ, ರಭಸ ಅಲ್ಲೇ ಮುರಿಯುತ್ತದೆ.

ಕರೆಂಟ್ ಒಂದೆರಡು ಗಂಟೆ ಹೋದರೆ ಚಿಂತೆ ಇಲ್ಲ. ನಾಲ್ಕೈದು ಗಂಟೆ ಮೀರಿದರೆ ಮುಚ್ಚಿದ ಡಬ್ಬಿಯೊಳಗಿನ ಆಕ್ಸಿಜನ್ ಮುಗಿದು ಒಳ್ಳೆ ಬ್ಯಾಕ್ಟೀರಿಯಾ ಸಾಯಲು ಶುರುವಾಗುತ್ತದೆ, ಏಪ್ರಿಲ್ ಮೇ ಬಿಸಿಲಿನಲ್ಲಿ ಇನ್ನೂ ಬೇಗ. ಕರೆಂಟ್ ಬಂದ ಕೂಡಲೇ ಆ ಕೊಳೆತ ನೀರು ನೇರ ಮೀನಿನ ಮೈಮೇಲೆ. ಹಾಗಾಗಿ ದೀರ್ಘ ಹೊತ್ತು ಹೋದಾಗ ಪ್ಲಗ್ ಕಿತ್ತಿಡಿ. ಬಂದ ಮೇಲೆ ಮುಚ್ಚಳ ತೆಗೆದು ಮೂಸಿ ನೋಡಿ. ಕೊಳೆತ ಮೊಟ್ಟೆ ವಾಸನೆ ಬಂದರೆ ನೀರು ಚೆಲ್ಲಿ, ಮೀಡಿಯಾವನ್ನು ಟ್ಯಾಂಕ್ ನೀರಿನಲ್ಲಿ ಅದ್ದಿ, ಆಮೇಲೆ ಚಾಲೂ ಮಾಡಿ.

ರಾಣೆಬೆನ್ನೂರು: ಆರ್‌ಓ ಫಿಲ್ಟರಿನ ಹಳೇ ಹೌಸಿಂಗ್, ಅಂದರೆ ಕ್ಯಾಂಡಲ್ ಕೂರುವ ಹೊರಗಿನ ಡಬ್ಬಿ, ಇದೆ. ಅದನ್ನು ಕ್ಯಾನಿಸ್ಟರಿಗೆ ಸೇರಿಸಿ ಇನ್ನೊಂದು ಡಬ್ಬಿ ಮಾಡಬೇಕೆಂದಿದ್ದೇನೆ.

ಆಸೆ ಒಳ್ಳೆಯದು, ಹೌಸಿಂಗ್ ತಪ್ಪು. ಮನೆಯ ಆರ್‌ಓ ಹೌಸಿಂಗಿನ ಬಾಯಿ ಸಾಮಾನ್ಯವಾಗಿ ಕಾಲು ಇಂಚು, ಅದರಲ್ಲಿ ನಿಮ್ಮ ಪೈಪಿನ ನೀರು ತೂರೋಲ್ಲ. ಇಡೀ ಮನೆಯ ಲೈನಿಗೆ ಹಾಕುವ, ಮುಕ್ಕಾಲು ಇಂಚು ಇಲ್ಲವೇ ಒಂದು ಇಂಚು ಬಾಯಿಯ ಹೌಸಿಂಗ್ ಬರುತ್ತದೆ, ಅದಾದರೆ ಸರಿ. ಒಳಗಿನ ಬಿಗಿ ಕ್ಯಾಂಡಲ್ ತೆಗೆದು ಒರಟು ಸ್ಪಂಜು ತುಂಬಿ, ಮೋಟರಿನ ನಂತರ, ಹೊರಗೆ ಬರುವ ಪೈಪಿಗೆ ಸೇರಿಸಿ. ಹಾಕುವ ಮೊದಲು, ಹಾಕಿದ ಮೇಲೆ ಬಕೆಟ್ ಲೆಕ್ಕ ಹಿಡಿಯಿರಿ. ಕಾಲು ಭಾಗಕ್ಕಿಂತ ಜಾಸ್ತಿ ಇಳಿದರೆ ತೆಗೆದುಬಿಡಿ. ಇನ್ನೊಂದು, ವೈರು ಪ್ಲಗ್ಗಿಗೆ ಹೋಗುವ ಮೊದಲು ಅದಕ್ಕಿಂತ ಕೆಳಗೆ ಒಂದು ಜೋಲು ಬಿಟ್ಟು ಆಮೇಲೆ ಏರಲಿ, ನೀರು ಹರಿದು ಬಂದರೂ ಜೋಲಿನ ತಳದಲ್ಲಿ ತೊಟ್ಟಿಕ್ಕುತ್ತದೆ. ಲೈನಿಗೆ ಇಎಲ್‌ಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಬಂದಾಗುವ ಸ್ವಿಚ್, ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ, ಪ್ರಯೋಗ ಆಮೇಲೆ.

ನವನಗರ, ಹುಬ್ಬಳ್ಳಿ: ಮಗ ಮೀನು ತಂದ, ಈಗ ಫಿಲ್ಟರಿನ ಸಪ್ಪಳಕ್ಕೆ ನಿದ್ದಿ ಹತ್ತವಲ್ದು ಅಂತ ರಾತ್ರಿ ಬಂದ್ ಮಾಡಿ ಮಲಗ್ತಾನ್ರಿ. ಏನೂ ಆಗಂಗಿಲ್ಲ ಅಲ್ರಿ?

ಆಗುತ್ತದೆ ಅಕ್ಕಾರ. ಮೇಲೆ ಹಾವೇರಿಯವರಿಗೆ ಹೇಳಿದ್ದೇ ನಿಮ್ಮ ಮನೆಯಲ್ಲಿ ದಿನಾ ರಾತ್ರಿ ನಡೆಯುತ್ತಿದೆ. ಡಬ್ಬಿಯ ಕೆಳಗೆ ಹಳೇ ಯೋಗಾ ಮ್ಯಾಟಿನ ತುಂಡು ಹಾಸಿ, ಸ್ಟ್ಯಾಂಡಿನ ಹಲಗೆಗೆ ತಾಗದ ಹಾಗೆ ಸ್ವಲ್ಪ ಮುಂದೆ ಎಳೆಯಲು ಹೇಳಿ. ಆದರೂ ಗೊರಗುಟ್ಟಿದರೆ ಡಬ್ಬಿಯ ತಲೆಯಲ್ಲಿ, ಮೋಟರ್ ಇರುವ ಕಡೆ, ಗಾಳಿ ಸಿಕ್ಕಿಕೊಂಡಿದೆ. ಚಾಲೂ ಇರುವಾಗಲೇ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಆ ಕಡೆ ಈ ಕಡೆ ವಾಲಿಸಲಿ. ಟ್ಯಾಂಕಿನಲ್ಲಿ ಗುಳುಗುಳು ಅಂತ ಗುಳ್ಳೆ ಬಂದು, ಸಪ್ಪಳ ಇಳಿಯುತ್ತದೆ.